ನಡುಮನೆಯಲ್ಲಿ ಒಂದು ನಂಬರು

ಗುರುವಾರ ಹನ್ನೊಂದಕ್ಕೆ ಪಶುಸಖಿಯರ ಸಭೆ.
ಹಾಸನದ ಕಚೇರಿ, ಎರಡನೇ ಮಹಡಿ,
ಕುಂಟು ಮೇಜಿನ ಕಾಲಡಿಗೆ ಹಳೇ ಫೈಲು ತುರುಕಿ
ಲ್ಯಾಪ್‌ಟಾಪಿನ ಮುಂದೆ ನಾನು.
ಪರದೆಯ ತುಂಬ ಮುಖಗಳು, ಅರ್ಧ ಹಣೆಗಳು,
ಯಾರದೋ ಮನೆಯ ಫ್ಯಾನು,
ಆಲೂರಿನ ಜಯಶೀಲಳ ಹಿಂದೆ ಯಾವಾಗಲೂ ಅದೇ ಕರಿ ಮೇಕೆ.
ಕೊನೆಯ ಚೌಕದಲ್ಲಿ ಮುಖವಿಲ್ಲ.
ಕಪ್ಪು. ನಡುವೆ ಒಂದು ಸಾಲು ಚುಕ್ಕಿ,
ತುದಿಗೆ ಮೂರು ಒಂದು ಎಂಟು.
ಯಾರೋ ಗುಂಡಿ ಫೋನಿನಿಂದ ಕರೆಮಾಡಿ ಬಂದವರು.

ಕಾಯಿಲೆಯ ಪಾಠ ಮುಗಿಸಿ
ಮೂರು ಕೋಣೆ ತೆರೆದೆ: ಹೇಮಾವತಿ, ಯಗಚಿ, ವಾಟೆಹೊಳೆ.
ಹೆಸರಿಟ್ಟದ್ದಕ್ಕೆ ಒಳಗೊಳಗೇ ಹಿಗ್ಗು.
"ಬೇಕಾದ ಹೊಳೆಗೆ ನೀವೇ ಇಳಿಯಿರಿ" ಎಂದೆ.
ನಗು, ಗಲಾಟೆ, ಟಿಕ್ ಟಿಕ್,
ಒಂದೊಂದೇ ಚೌಕ ಆರಿತು.
ಉಳಿದದ್ದು ನಾನು, ಮತ್ತು ಮೂರು ಒಂದು ಎಂಟು.
ನೆಟ್‌ವರ್ಕ್ ಇರಲಾರದು, ಇಲ್ಲವೇ
ಫೋನನ್ನು ಗೂಟಕ್ಕೆ ನೇತುಹಾಕಿ ಹಟ್ಟಿ ಗುಡಿಸುತ್ತಿರಬೇಕು.
ವರದಿಯಲ್ಲಿ ಬರೆದೆ: ಹಾಜರು. ಮಾತಾಡಿಲ್ಲ.

ಎರಡನೇ ಗುರುವಾರವೂ ಹಾಜರು, ಮಾತಾಡಿಲ್ಲ.

ನಡುಮನೆ ಖಾಲಿ ಎಂದುಕೊಂಡರೆ
ಮನುಷ್ಯರು ಏನೇನು ಮಾಡುತ್ತಾರೆ!
ಡಬ್ಬಿ ತೆಗೆದು ತಣ್ಣನೆ ಚಿತ್ರಾನ್ನ ತಿಂದೆ.
ಗ್ಯಾಸಿನವನಿಗೆ ಬೈದೆ.
ಅಕ್ಕನಿಗೆ ಫೋನು ಹಚ್ಚಿ, ಕಾಂಟ್ರ್ಯಾಕ್ಟು ಮಾರ್ಚಿಗೆ ಮುಗಿಯುತ್ತೆ ಕಣೇ,
ಮುಂದೇನೋ ಗೊತ್ತಿಲ್ಲ, ಅಮ್ಮನಿಗೆ ಹೇಳಬೇಡ, ಅಂದೆ.
ಕೆಮ್ಮಿದೆ. ನೀರು ಕುಡಿದೆ. ಮತ್ತೆ ಕೆಮ್ಮಿದೆ.
ಮೈಕು ಆರಿಸಿದ್ದೇನೆಂಬ ನಂಬಿಕೆ,
ಬಚ್ಚಲ ಚಿಲಕ ಹಾಕಿದ್ದೇನೆಂಬ ನಂಬಿಕೆಯ ಹಾಗೆ.

ಮೂರನೇ ಗುರುವಾರ ಹೊಳೆಗಳೆಲ್ಲ ತುಂಬಿ
ದಡದಲ್ಲಿ ನಾನೊಬ್ಬಳೇ ಇದ್ದಾಗ
ಪೆಟ್ಟಿಗೆಯೊಳಗಿಂದ ಒಂದು ದನಿ:
"ಮೇಡಂ, ಮೂರು ವಾರ ಆದ್ರೂ ಆ ಕೆಮ್ಮು ಬಿಟ್ಟಿಲ್ವಲ್ಲ ನಿಮ್ಗೆ.
ಒಣಕೆಮ್ಮು. ಕಫ ಇಲ್ಲ.
ಮರಿಗಾಗಿದ್ರೆ ಬೇರೆ ಕಡೆ ಕಟ್ಟಾಕ್ತಿದ್ದೆ."

ಕಡಲೆಬೀಜ ಗಂಟಲಲ್ಲೇ ನಿಂತಿತು.

ಸಣ್ಣೀರಮ್ಮ. ಅರಸೀಕೆರೆ ತಾಲ್ಲೂಕು, ಕಣಕಟ್ಟೆಯಿಂದ ಆಚೆ.
"ಎಲ್ರೂ ಎತ್ಲಾಗೋ ಹೋಯ್ತಾರೆ, ನಂಗೆ ದಾರಿ ಗೊತ್ತಾಗಕಿಲ್ಲ.
ಒತ್ತಿ ಒತ್ತಿ ಅಂತೀರಿ, ಏನ ಒತ್ಲಿ?
ನನ್ ಫೋನಲ್ಲಿ ಇರೋದು ಹನ್ನೆರಡು ಗುಂಡಿ.
ಸ್ಟಾರ್ ಒತ್ತಿ ಆರು ಒತ್ತಿದ್ರೆ ಬಾಯಿ ಬರ್ತೈತೆ ಅಂತ
ಡೈರಿ ಸೆಕ್ರೆಟ್ರಿ ಇವತ್ತು ಹೇಳ್ಕೊಟ್ರು."
"ಮತ್ತೆ ಎರಡು ವಾರ ಸುಮ್ಮನೆ ಯಾಕಮ್ಮ ಕಾದಿರಿ?"
"ನೀವಿದ್ರಲ್ಲ. ನಾನೂ ಇಟ್ಬಿಟ್ರೆ
ನೀವೊಬ್ರೇ ಆಗೋಯ್ತೀರಿ ಅಂತ."

ಊಟಕ್ಕೆ ಕರೆದು, ಎಲೆ ಹಾಕದೆ
ಬಾಗಿಲಲ್ಲಿ ಕೂರಿಸಿದವಳು ನಾನು.
ಆ ಮೌನವನ್ನು ಅವಳ ಲೆಕ್ಕಕ್ಕೇ ಬರೆದವಳೂ.

ಈಗ ಹತ್ತೂಮುಕ್ಕಾಲಿಗೇ ಬಾಗಿಲು ತೆಗೆಯುತ್ತೇನೆ.
ನಂಬರುಗಳು ಬರುತ್ತವೆ, ಏಳೋ ಎಂಟೋ.
ಯಾರಮ್ಮ, ಯಾವೂರು, ಕೇಳಿ ಚೌಕಕ್ಕೆ ಹೆಸರು ಬರೆದು
ಹೊಳೆಗೆ ನಾನೇ ಕೈಹಿಡಿದು ಇಳಿಸುತ್ತೇನೆ:
"ಒಂದು ಗಳಿಗೆ ಏನೂ ಕೇಳಿಸದು, ಇಡಬೇಡಿ."
ಪಾಠದಲ್ಲಿ "ಇಲ್ಲಿ ನೋಡಿ" ಎಂದವರಿಗೆ ಐದು ರೂಪಾಯಿ ದಂಡ;
ಕಾಣದವರಿಗೆ ಬಾಯಲ್ಲಿ ಹೇಳಬೇಕು.
ಪಶುವೈದ್ಯರು ಈವರೆಗೆ ಮೂವತ್ತೈದು ಕಟ್ಟಿದ್ದಾರೆ.

ಹೋದ ವಾರ ಯಗಚಿಯ ಕೋಣೆಯಲ್ಲಿ ಸಣ್ಣೀರಮ್ಮ
ಕುರಿಯ ಕೆಮ್ಮು, ಮೇಕೆಯ ಕೆಮ್ಮು,
ಹುಲ್ಲು ಸಿಕ್ಕಿಕೊಂಡ ಕೆಮ್ಮು, ಸಾಯುವ ಕೆಮ್ಮು,
ಎಲ್ಲ ತನ್ನ ಗಂಟಲಲ್ಲೇ ಮಾಡಿ ತೋರಿಸಿದಳಂತೆ.
ಮುಖ ಇದ್ದವರೆಲ್ಲ ಕಣ್ಣು ಮುಚ್ಚಿ ಕೇಳಿದರಂತೆ.
ಜಯಶೀಲಳ ಕರಿ ಮೇಕೆ ಎದ್ದು ನಿಂತಿತಂತೆ.

ಅಂತೆ. ನಾನಿದ್ದದ್ದು ಇಲ್ಲಿ, ನಡುಮನೆಯಲ್ಲಿ.
ಡಬ್ಬಿ ತೆಗೆದೆ. ಒಂದು ಚೌಕವೂ ಇಲ್ಲ, ನಂಬರೂ ಇಲ್ಲ.
ಮೈಕು ಹಚ್ಚಿ
ಒಮ್ಮೆ ಕೆಮ್ಮಿದೆ.

ಯಾರೂ ಏನೂ ಅನ್ನಲಿಲ್ಲ.